ಭರಣಿ ಬದಲಾದರೂ ಉಪ್ಪಿನಕಾಯಿ ಅದೇ

ತಿಪಟೂರಿನ ಹತ್ತಿರ ನಮ್ಮ ದೊಡ್ಡಮ್ಮನ ಊರು. ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲದ ಸುತ್ತ ಹಗ್ಗ ಕಟ್ಟಿ, ಹಳೆಯ ಸಿ.ಡಿ.ಗಳನ್ನು ಸಾಲಾಗಿ ನೇತುಹಾಕುತ್ತಾರೆ. ಗಾಳಿಗೆ ತಿರುಗಿ ಪಳಪಳ ಹೊಳೆದರೆ ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. (ಸುಳಿಯುತ್ತವೆ. ಎರಡು ದಿನ ಹೆದರಿ, ಮೂರನೆಯ ದಿನ ಅದೇ ಹಗ್ಗದ ಮೇಲೆ ಕೂರುತ್ತವೆ.) ಹೋದ ವರ್ಷ ಅಲ್ಲಿ ನಿಂತು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದೆ. ಮೊದಲನೆಯದು ಭಕ್ತಿಗೀತೆ. ಆಮೇಲೊಂದು ಯಾವುದೋ ಪ್ರಿಂಟರಿನ ಜೊತೆ ಬಂದದ್ದು, ಇನ್ನೊಂದು ಎಸ್ಸೆಸ್ಸೆಲ್ಸಿ ಗಣಿತದ ಪಾಠ. ನಾಲ್ಕನೆಯದರ ಮೇಲೆ ಮಾರ್ಕರ್ ಪೆನ್ನಿನ ಮಾಸಿದ ಅಕ್ಷರ: ‘ಮದುವೆ – ಭಾಗ 2’. 2006ರ ನಮ್ಮ ಅಕ್ಕನ ಮದುವೆ.

‘ಇದನ್ಯಾಕೆ ಇಲ್ಲಿ ಕಟ್ಟಿದ್ರಿ ದೊಡ್ಡಮ್ಮ?’

‘ಪ್ಲೇಯರ್ರೇ ಕೆಟ್ಟು ಎಷ್ಟೋ ವರ್ಷ ಆಯ್ತಲ್ಲ ಮಗಾ. ಬರೀ ತಟ್ಟೆ ಇಟ್ಕೊಂಡು ಏನ್ ಮಾಡೋದು?’

ಉತ್ತರ ಕೊಡಲಾಗಲಿಲ್ಲ. ಅಂಗಡಿಯಲ್ಲಿ ಇಂದು ಸಿಗುವ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಡ್ರೈವ್ ಇರುವುದು ತೀರಾ ಅಪರೂಪ. ಅಮೆರಿಕದಲ್ಲಿ ಅಂಚೆಯಲ್ಲಿ ಡಿವಿಡಿ ಕಳಿಸಿಯೇ ವ್ಯಾಪಾರ ಶುರುಮಾಡಿದ್ದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಆ ಸೇವೆಗೆ ಬಾಗಿಲು ಹಾಕಿತು. ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ನಮ್ಮಲ್ಲಿ 2007ರಲ್ಲಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿ ಬಸ್‌ಸ್ಟ್ಯಾಂಡಿನ ಅಂಗಡಿಗಳವರೆಗೂ ತಲುಪಿಸಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಮುಚ್ಚಿಹೋಯಿತು. ಮನೆಯಲ್ಲಿ ಡಿಸ್ಕ್ ಉಳಿದಿದೆ, ಅದನ್ನು ಓದುವ ಯಂತ್ರ ಉಳಿದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಇನ್ನೂ ಅಗ್ಗಕ್ಕೆ ಸಿಗುತ್ತದೆ. ಅದು ಸಿಗುವಾಗಲೇ ಡಿಸ್ಕಿನಲ್ಲಿರುವುದನ್ನು ಹೊರತೆಗೆದಿಡುವ ಕೆಲಸ ಮುಗಿಸಿಕೊಳ್ಳುವುದು ವಾಸಿ.

ಹೊಲದಿಂದ ಬಿಚ್ಚಿ ತಂದ ಭಾಗ 2 ಏನು ಮಾಡಿದರೂ ಓದಲಿಲ್ಲ. ಡ್ರೈವ್ ಒಂದೆರಡು ಸಲ ಗುರುಗುಟ್ಟಿ, ಒಳಗೆ ಡಿಸ್ಕೇ ಇಲ್ಲ ಎಂದಿತು. ಕಾರಣ ಸರಳ. ಅಂಗಡಿಯ ಸಿನಿಮಾ ಡಿವಿಡಿಯಲ್ಲಿ ಮಾಹಿತಿ ಅಚ್ಚೊತ್ತಿದ ಗುಳಿಗಳ ರೂಪದಲ್ಲಿರುತ್ತದೆ. ಮದುವೆ ಸ್ಟುಡಿಯೋದವರು ಬರೆದುಕೊಟ್ಟ ಡಿವಿಡಿ-ಆರ್ ಹಾಗಲ್ಲ. ಅದರೊಳಗೆ ತೆಳ್ಳಗೆ ಹಚ್ಚಿದ ಸಾವಯವ ಬಣ್ಣವಿರುತ್ತದೆ, ಲೇಸರ್ ಅದನ್ನು ಚುಕ್ಕಿಚುಕ್ಕಿಯಾಗಿ ಸುಟ್ಟು ಬರೆಯುತ್ತದೆ. ಬೆಳಕಿಗೂ ಶಾಖಕ್ಕೂ ಕರಗುವ ಬಣ್ಣ ಅದು. ಒಂದು ಸುಗ್ಗಿ ಪೂರ್ತಿ ಬಿಸಿಲಿನಲ್ಲಿ ತೂಗಿದ ತಟ್ಟೆಯ ಮೇಲೆ ಸೂರ್ಯನೇ ಬರೆದುಬಿಟ್ಟಿದ್ದ. ಅದೃಷ್ಟಕ್ಕೆ ಭಾಗ 1 ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಕತ್ತಲಲ್ಲಿತ್ತು. ನಾಂದಿಯಿಂದ ಮುಹೂರ್ತದವರೆಗೆ ಎರಡು ತಾಸು.

ಅದನ್ನು ಮೊದಲು ಊರಿನ ಒಂದು ಸ್ಟುಡಿಯೋಗೆ ಒಯ್ದೆ. ‘ಅಣ್ಣ, ಇದನ್ನ ಪೆನ್‌ಡ್ರೈವಿಗೆ ಹಾಕ್ಕೊಡ್ತೀರಾ?’ ಎಂದೆ. ‘ಎಂಪಿ4 ಮಾಡಿ ಕೊಡ್ತೀನಿ ಸಂಜೆಗೆ ಬನ್ನಿ, ಕ್ವಾಲಿಟಿ ಒಂಚೂರೂ ಹೋಗಲ್ಲ’ ಎಂದರು. ಸಂಜೆ ಸಿಕ್ಕ ಫೈಲು ಸುಮಾರು 700 ಎಂಬಿ. ಡಿಸ್ಕಿನಲ್ಲಿದ್ದದ್ದು 4 ಜಿಬಿಗೂ ಹೆಚ್ಚು. ಅಷ್ಟು ಕರಗಿದ ಮೇಲೂ ಒಂಚೂರೂ ಹೋಗಿಲ್ಲವೆಂದರೆ ಹೋದದ್ದೇನು? ಮೊಬೈಲಿನ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ಟಿವಿಯಲ್ಲಿ ಹಾಕಿದಾಗ ತಾಳಿ ಕಟ್ಟುವ ಗಳಿಗೆ ಬಂತು, ಗಟ್ಟಿಮೇಳ ಮೊಳಗಿತು, ನಾಲ್ಕೂ ಕಡೆಯಿಂದ ಅಕ್ಷತೆ ಹಾರಿತು. ಆಗ ಇಡೀ ಮಂಟಪ ಚೌಕಾಬಾರದ ಮನೆಗಳಂತೆ ಒಡೆಯಿತು. ಅಕ್ಕನ ಮುಖ ನಾಲ್ಕು ಚೌಕ, ಭಾವನ ಪೇಟ ಎರಡು ಚೌಕ.

ಆ ಅಕ್ಷತೆಯನ್ನೇ ಸ್ವಲ್ಪ ನಿಧಾನವಾಗಿ ನೋಡಬೇಕು. ಡಿಜಿಟಲ್ ವಿಡಿಯೋದ ಗುಟ್ಟೆಲ್ಲ ಆ ಅಕ್ಕಿಕಾಳುಗಳಲ್ಲಿದೆ.

ನಮ್ಮ ಟಿವಿ ಪದ್ಧತಿಯಾದ ಪಾಲ್ ಡಿವಿಡಿಯಲ್ಲಿ ಒಂದು ಚಿತ್ರಕ್ಕೆ ಅಡ್ಡ 720, ಉದ್ದ 576 ಚುಕ್ಕಿಗಳು. ಸೆಕೆಂಡಿಗೆ ಇಂಥ 25 ಚಿತ್ರ. ಏನನ್ನೂ ಅಡಕಗೊಳಿಸದೆ ಇಟ್ಟರೆ ಎರಡು ತಾಸಿನ ದೃಶ್ಯಕ್ಕೆ ಸುಮಾರು 112 ಜಿಬಿ ಬೇಕು. ಸಾಮಾನ್ಯ ಡಿವಿಡಿಯಲ್ಲಿರುವ ಜಾಗ 4.7 ಜಿಬಿ. (ಕಂಪ್ಯೂಟರ್ ಅದನ್ನೇ 4.38 ಎಂದು ತೋರಿಸುತ್ತದೆ. ಮೋಸವಲ್ಲ, ಕಂಪನಿ ಸಾವಿರದ ಲೆಕ್ಕದಲ್ಲಿ ಅಳೆದದ್ದನ್ನು ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ.) 24 ಸೇರನ್ನು ಒಂದು ಸೇರಿಗೆ ಇಳಿಸುವ ಈ ಕೆಲಸವನ್ನು ಡಿವಿಡಿಯಲ್ಲಿ ಎಂಪೆಗ್-2 ಎಂಬ ವಿಧಾನ ಮಾಡುತ್ತದೆ. ಅದು ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಚಿತ್ರವನ್ನು ಪೂರ್ತಿ ಬರೆದಿಡುತ್ತದೆ. ನಡುವಿನ ಹತ್ತು ಹನ್ನೆರಡು ಚಿತ್ರಗಳಿಗೆ ‘ಹಿಂದಿನದರಂತೆಯೇ, ಆದರೆ ಈ ಭಾಗ ಇಷ್ಟು ಸರಿಯಿತು’ ಎಂದು ಬದಲಾವಣೆಯನ್ನಷ್ಟೇ ಟಿಪ್ಪಣಿ ಮಾಡುತ್ತದೆ. ಪುರೋಹಿತರು ಕೂತು ಮಂತ್ರ ಹೇಳುವಾಗ ಬದಲಾಗುವುದು ತುಟಿ ಮಾತ್ರ; ಟಿಪ್ಪಣಿ ಚಿಕ್ಕದು, ಚಿತ್ರ ಸ್ವಚ್ಛ. ಅಕ್ಷತೆ ಹಾರಿದ ಕ್ಷಣ ಮಾತ್ರ ಪ್ರತಿ ಕಾಳೂ ಬೇರೆ ದಿಕ್ಕಿಗೆ, ಜೊತೆಗೆ ಕ್ಯಾಮೆರಾಗಳ ಫ್ಲ್ಯಾಷು. ಹಿಂದಿನ ಚಿತ್ರದಂತೆ ಏನೂ ಇಲ್ಲ. ಬರೆಯಬೇಕಾದ್ದು ಬೆಟ್ಟದಷ್ಟು, ಡಿವಿಡಿಯಲ್ಲಿ ಚಿತ್ರಕ್ಕೆ ಸಿಗುವುದು ಹೆಚ್ಚೆಂದರೆ ಸೆಕೆಂಡಿಗೆ 9.8 ಮೆಗಾಬಿಟ್. ಆಗ ಅದು 8 ಚುಕ್ಕಿಗೆ 8 ಚುಕ್ಕಿಯ ಚೌಕಗಳ ಒಳಗಿನ ಸೂಕ್ಷ್ಮವನ್ನು ಕೈಬಿಟ್ಟು, ಒರಟಾಗಿ ತೇಪೆ ಹಾಕಿ ಮುಂದೆ ಹೋಗುತ್ತದೆ.

ಅಂದರೆ ನಷ್ಟ 2006ರಲ್ಲೇ ಆಗಿಹೋಗಿದೆ. ಕ್ಯಾಮೆರಾದ ಮಿನಿಡಿವಿ ಟೇಪಿನಲ್ಲಿ ತಾಸಿಗೆ ಸುಮಾರು 13 ಜಿಬಿಯಷ್ಟು ಮಾಹಿತಿ ಇರುತ್ತಿತ್ತು; ಆ ಟೇಪಿನ ಮೇಲೆ ಮುಂದಿನ ಮುಹೂರ್ತಕ್ಕೆ ಇನ್ನೊಂದು ಮದುವೆ ಮುದ್ರಣವಾಗಿರುತ್ತದೆ. ಈಗ ನಮ್ಮ ಪಾಲಿಗೆ ಮೂಲ ಅಂತ ಇರುವುದು ಡಿವಿಡಿಯಲ್ಲಿ ಉಳಿದದ್ದಷ್ಟೇ. ಸ್ಟುಡಿಯೋದವರು ಎಂಪಿ4 ಮಾಡಿದಾಗ ಈ ಒರಟು ಚಿತ್ರವನ್ನು ಬಿಚ್ಚಿ, ಅದರಲ್ಲಿರುವ ಚೌಕಗಳನ್ನೂ ನಿಜವೆಂದೇ ನಂಬಿ, ಮತ್ತೊಂದು ವಿಧಾನದಲ್ಲಿ ಮತ್ತೆ ಹಿಂಡಿದರು. ಎರಡನೆಯ ಬಾರಿ ಹಿಂಡಿದ ಕಾಯಿಯಿಂದ ಹಾಲು ಬಂದೀತೇ?

ಇಲ್ಲಿ ಎರಡು ಬೇರೆ ಕೆಲಸಗಳನ್ನು ಜನ ‘ಕನ್ವರ್ಟ್’ ಎಂಬ ಒಂದೇ ಪದದಲ್ಲಿ ಕರೆಯುತ್ತಾರೆ, ಗೊಂದಲ ಹುಟ್ಟುವುದೇ ಅಲ್ಲಿ. ಉಪ್ಪಿನಕಾಯಿಯನ್ನು ದೊಡ್ಡ ಭರಣಿಯಿಂದ ಗಾಜಿನ ಬಾಟಲಿಗೆ ತುಂಬುವುದು ಒಂದು ಕೆಲಸ. ಅದೇ ಉಪ್ಪಿನಕಾಯಿಯನ್ನು ರುಬ್ಬಿ ತೊಕ್ಕು ಮಾಡುವುದು ಇನ್ನೊಂದು. ಎಂಪಿ4, ಎಂಕೆವಿ, ವಿಒಬಿ ಇವೆಲ್ಲ ಭರಣಿಯ ಹೆಸರುಗಳು. ಎಂಪೆಗ್-2, ಎಚ್.264, ಎಚ್.265 ಒಳಗಿನ ಪದಾರ್ಥದ ಹೆಸರುಗಳು. ಗುಣಮಟ್ಟ ಕೆಡದಂತೆ ರಿಪ್ ಮಾಡುವುದೆಂದರೆ (ಡಿಸ್ಕಿನಲ್ಲಿರುವುದನ್ನು ಫೈಲಾಗಿ ಇಳಿಸಿಕೊಳ್ಳುವುದಕ್ಕೆ ಈ ಹೆಸರು) ಒಳಗಿನದನ್ನು ಮುಟ್ಟದೆ ಭರಣಿ ಬದಲಿಸುವುದು. ಬಲ್ಲವರು ಇದಕ್ಕೆ ರೀಮಕ್ಸ್ ಎನ್ನುತ್ತಾರೆ. ಒಂದೇ ಒಂದು ಬಿಟ್ ಬದಲಾಗುವುದಿಲ್ಲ. ಪುನಃ ಎನ್‌ಕೋಡ್ ಮಾಡುವುದು, ಅಂದರೆ ಬಿಚ್ಚಿ ಮತ್ತೆ ಹಿಂಡುವುದು, ತೊಕ್ಕಿನ ಕೆಲಸ. ತೊಕ್ಕು ರುಚಿಯಾಗಿಯೇ ಇರಬಹುದು, ಆದರೆ ಅದನ್ನು ಮತ್ತೆ ಉಪ್ಪಿನಕಾಯಿ ಮಾಡಲಾಗದು.

ಹಾಗಾದರೆ ಕೈಗೆ ಡಿಸ್ಕ್ ಬಂದಾಗ ಮಾಡಬೇಕಾದ್ದೇನು? ನನ್ನ ಪದ್ಧತಿ ಹೇಳುತ್ತೇನೆ. ಮೊದಲು ಇಡೀ ಡಿಸ್ಕಿನ ಪಡಿಯಚ್ಚು, ಅಂದರೆ ಐಎಸ್‌ಒ ಫೈಲು. ಮೆನು, ಅಧ್ಯಾಯ, ಸ್ಟುಡಿಯೋದವರು ಅಕ್ಕರೆಯಿಂದ ಹಾಕಿದ ಗುಲಾಬಿ ಹೂವಿನ ಚೌಕಟ್ಟು ಎಲ್ಲವೂ ಅದರಲ್ಲಿ ಇದ್ದ ಹಾಗೆ ಇರುತ್ತವೆ. ಡಿಸ್ಕಿನೊಳಗೆ ವಿಡಿಯೋ_ಟಿಎಸ್ ಎಂಬ ಫೋಲ್ಡರ್ ತೆರೆದರೆ ಒಂದೊಂದು ಜಿಬಿಗೆ ಕತ್ತರಿಸಿದ ವಿಒಬಿ ಫೈಲುಗಳು ಕಾಣುತ್ತವೆ. ಅವನ್ನು ಎಳೆದು ತಂದು ಹಾಕಿಕೊಂಡರಾಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಯಾವ ತುಂಡು ಎಲ್ಲಿ ಶುರು, ಯಾವುದರ ನಂತರ ಯಾವುದು ಎಂಬ ವಿಳಾಸ ಪಕ್ಕದ ಐಎಫ್‌ಒ ಫೈಲಿನಲ್ಲಿದೆ. ಅದಿಲ್ಲದೆ ಬರೀ ತುಂಡುಗಳನ್ನು ಅಂಟಿಸಿದರೆ ಕೆಲವು ಡಿಸ್ಕುಗಳಲ್ಲಿ ಮಾತಿಗೂ ತುಟಿಗೂ ಹೊಂದಿಕೆ ತಪ್ಪುತ್ತದೆ.

ಪಡಿಯಚ್ಚಾದ ಮೇಲೆ ಅದರಿಂದ ಎಂಕೆವಿ. ಮಾತ್ರೋಸ್ಕಾ ಎಂಬ ಈ ಭರಣಿಗೆ ಒಂದರೊಳಗೊಂದು ಕೂರುವ ರಷ್ಯಾದ ಮರದ ಬೊಂಬೆಯ ಹೆಸರು. ಎಷ್ಟು ಧ್ವನಿಪಥ, ಎಷ್ಟು ಸಬ್‌ಟೈಟಲ್, ಎಷ್ಟು ಅಧ್ಯಾಯವಿದ್ದರೂ ಹೊಟ್ಟೆಯಲ್ಲಿ ಹಾಕಿಕೊಳ್ಳುತ್ತದೆ. ಮೇಕ್‌ಎಂಕೆವಿ ತಂತ್ರಾಂಶ ಇದಕ್ಕೇ ಹುಟ್ಟಿದ್ದು. 2000ದಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಶುರುಮಾಡಿದ ಎಫ್‌ಎಫ್‌ಎಂಪೆಗ್‌ನಲ್ಲೂ ‘ಕಾಪಿ’ ಎಂಬ ಆಯ್ಕೆ ಕೊಟ್ಟರೆ ಒಳಗಿನದನ್ನು ಮುಟ್ಟದೆ ದಾಟಿಸುತ್ತದೆ. ಬಹಳ ಜನಪ್ರಿಯವಾದ ಹ್ಯಾಂಡ್‌ಬ್ರೇಕ್ ಮಾತ್ರ ಹಾಗಲ್ಲ. ಅದು ಚಿತ್ರವನ್ನು ಯಾವಾಗಲೂ ಮತ್ತೆ ಎನ್‌ಕೋಡ್ ಮಾಡುತ್ತದೆ. ಒಳ್ಳೆಯ ತಂತ್ರಾಂಶವೇ, ಆದರೆ ತೊಕ್ಕಿನ ಒರಳು. ಮೊಬೈಲಿಗೆ, ವಾಟ್ಸಾಪಿಗೆ ಹಗುರವಾದ ಪ್ರತಿ ಬೇಕಾದಾಗ ಅದನ್ನು ಬಳಸಿ. ಗುಣಮಟ್ಟದ ಅಂಕಿಯನ್ನು 18ರಿಂದ 20ರ ಸುಮಾರಿಗೆ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ. ಆ ಪ್ರತಿಯನ್ನೇ ಮೂಲವೆಂದು ಇಟ್ಟುಕೊಂಡು ಡಿಸ್ಕನ್ನು ಹೊಲಕ್ಕೆ ಕಳಿಸಬೇಡಿ, ಅಷ್ಟೆ.

ಒಂದು ಕಾಲದಲ್ಲಿ ಹಿಂಡುವುದಕ್ಕೆ ಕಾರಣವಿತ್ತು. ಮನೆಯ ಕಂಪ್ಯೂಟರಿನಲ್ಲಿ 40 ಜಿಬಿ ಹಾರ್ಡ್‌ಡಿಸ್ಕ್ ಇದ್ದಾಗ ಒಂದು ಸಿನಿಮಾವನ್ನು 700 ಎಂಬಿಗೆ ಇಳಿಸಿ ಒಂದು ಸಿ.ಡಿ.ಯಲ್ಲಿ ಕೂರಿಸುವುದು ದೊಡ್ಡ ಜಾಣತನವಾಗಿತ್ತು, ಡಿವ್ಎಕ್ಸ್ ಹೆಸರು ಮಾಡಿದ್ದೇ ಹಾಗೆ. ಇಂದು ಒಂದು ಟಿಬಿ ಡ್ರೈವಿನಲ್ಲಿ ತುಂಬಿತುಳುಕುವ 200 ಡಿವಿಡಿಗಳನ್ನು ಹಾಗೆಯೇ ಇಡಬಹುದು. 700ರ ಅಭ್ಯಾಸ ಮಾತ್ರ ಸ್ಟುಡಿಯೋಗಳನ್ನು ಇನ್ನೂ ಬಿಟ್ಟಿಲ್ಲ.

ಪ್ರತಿ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ತಾಳೆಗರಿಯ ಲಿಪಿಕಾರರು ಕೊನೆಯಲ್ಲಿ ಗ್ರಂಥಸಂಖ್ಯೆ ಬರೆಯುತ್ತಿದ್ದರು; 32 ಅಕ್ಷರಕ್ಕೆ ಒಂದು ಗ್ರಂಥದಂತೆ ಇಡೀ ಕೃತಿಯ ಲೆಕ್ಕ. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನನ್ನು ಬೈಯಬೇಡಿ ಎಂಬ ಅರ್ಥದ ಮಾತನ್ನೂ ಸೇರಿಸುತ್ತಿದ್ದರು. ಇಂದಿನ ಗ್ರಂಥಸಂಖ್ಯೆಗೆ ಚೆಕ್‌ಸಮ್ ಎಂದು ಹೆಸರು. ಇಡೀ ಫೈಲನ್ನು ಲೆಕ್ಕಹಾಕಿ ಒಂದು ಪುಟ್ಟ ಅಂಕಿ-ಅಕ್ಷರದ ಸಾಲು ಕೊಡುತ್ತದೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಸಾಲೇ ಬೇರೆಯಾಗುತ್ತದೆ. ಪಡಿಯಚ್ಚು ತೆಗೆದ ದಿನವೇ ಆ ಸಾಲನ್ನು ಬರೆದಿಟ್ಟರೆ ಐದು ವರ್ಷದ ನಂತರ ಮೂರನೆಯ ಹಾರ್ಡ್‌ಡಿಸ್ಕಿಗೆ ದಾಟಿಸುವಾಗ ಹೋಲಿಸಿ ನೋಡಬಹುದು. ತಿದ್ದುವ ಚಪಲವೂ ಲಿಪಿಕಾರರ ಕಾಲದ್ದೇ ರೋಗ. ಚಿತ್ರದ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಕೂಡಲೇ ಅಳಿಸಲು ಹೋಗುತ್ತೇವೆ. ಹಳೆಯ ಟಿವಿಗಾಗಿ ಬೆಸಸಾಲು ಒಮ್ಮೆ, ಸಮಸಾಲು ಒಮ್ಮೆ ಎಂದು ಸೆಕೆಂಡಿಗೆ 50 ಅರೆಚಿತ್ರಗಳಾಗಿ ತೆಗೆದ ದೃಶ್ಯದಲ್ಲಿ ಅದು ಸಹಜ. ಆಡಿಸುವಾಗ ವಿಎಲ್‌ಸಿಯೇ ಸರಿಮಾಡಿ ತೋರಿಸುತ್ತದೆ. ಫೈಲಿನಲ್ಲೇ ಅಳಿಸಿ 25 ಚಿತ್ರಕ್ಕೆ ಇಳಿಸಿದರೆ ಚಲನೆಯ ನಯ ಅರ್ಧ ಹೋಯಿತು. ಇನ್ನು ‘ಎಐ ಹಾಕಿ 4ಕೆ ಮಾಡಿಕೊಡ್ತೀವಿ’ ಎನ್ನುವವರಿದ್ದಾರೆ. ಅಜ್ಜಿಯ ಮುಖದ ಸುಕ್ಕುಗಳನ್ನು ಡಿವಿಡಿ ಹಿಡಿದಿರದಿದ್ದರೆ ಎಐ ಅಲ್ಲಿ ಬೇರೆ ಯಾರದೋ ಸುಕ್ಕು ಬರೆಯುತ್ತದೆ. ಅದು ಅಜ್ಜಿಯಲ್ಲ.

ಸಿನಿಮಾ ಡಿಸ್ಕುಗಳಲ್ಲಿ ಇಂಥದೇ ಒಂದು ವಿಚಿತ್ರವಿದೆ. ಚಲನಚಿತ್ರದ ರೀಲು ಸೆಕೆಂಡಿಗೆ 24 ಚಿತ್ರ, ಪಾಲ್ ಟಿವಿ 25. ಹೊಂದಿಸಲು ಸಿನಿಮಾವನ್ನೇ ತುಸು ವೇಗವಾಗಿ ಓಡಿಸಿಬಿಡುವುದು ವಾಡಿಕೆ. ಚಿತ್ರಮಂದಿರದಲ್ಲಿ 150 ನಿಮಿಷದ್ದು ಅಂಥ ಡಿಸ್ಕಿನಲ್ಲಿ 144ಕ್ಕೆ ಮುಗಿಯುತ್ತದೆ. ಧ್ವನಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಏರುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆಗಿಂತ ತುಸು ಕಡಿಮೆ. ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತ ಹಾಡನ್ನು ಡಿವಿಡಿಯ ಜೊತೆ ಹಾಡಲು ಹೋಗಿ ಅಪಶ್ರುತಿಯಾದವರು ತಮ್ಮ ಗಂಟಲನ್ನು ಬೈದುಕೊಳ್ಳಬೇಕಿಲ್ಲ.

ಆದರೆ ಸಿನಿಮಾ ಡಿಸ್ಕಿಗೆ ಬೀಗವೂ ಇದೆ. ಡಿವಿಡಿಯ ಸಿಎಸ್‌ಎಸ್ ಎಂಬ ಬೀಗಕ್ಕೆ 40 ಬಿಟ್‌ನ ಕೀಲಿ. ಅದನ್ನು ಬಿಚ್ಚುವ ಡಿಸಿಎಸ್‌ಎಸ್ ಎಂಬ ಪುಟ್ಟ ತಂತ್ರಾಂಶ 1999ರ ಅಕ್ಟೋಬರಿನಲ್ಲಿ ಹೊರಬಿತ್ತು. ಅದಕ್ಕಾಗಿ ನಾರ್ವೆಯ ಹದಿಹರೆಯದ ಹುಡುಗ ಯೋನ್ ಲೆಕ್ ಯೋಹಾನ್ಸೆನ್ ಕೋರ್ಟು ಹತ್ತಬೇಕಾಯಿತು. 2003ರ ಜನವರಿಯಲ್ಲಿ ಓಸ್ಲೋ ನ್ಯಾಯಾಲಯ, ಅದೇ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ, ತಾನೇ ಕೊಂಡ ಡಿಸ್ಕನ್ನು ನೋಡಲು ಬೀಗ ಬಿಚ್ಚಿದ್ದು ಅಪರಾಧವಲ್ಲವೆಂದು ಅವನನ್ನು ಬಿಟ್ಟವು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಕಲಮು ಸೇರಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ‘ಉದ್ದೇಶದಿಂದ’ ಎಂಬ ಪದ ಮುಖ್ಯ. ಖಾಸಗಿ ಬಳಕೆಯ ನ್ಯಾಯಯುತ ಉಪಯೋಗಕ್ಕೆ 52ನೇ ಕಲಮಿನಲ್ಲಿ ಜಾಗವಿದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ 1998ರ ಅಲ್ಲಿನ ಕಾಯ್ದೆ ಇದಕ್ಕಿಂತ ಬಿಗಿ. ಯಾವ ದೇಶವಾದರೂ ಟೆಲಿಗ್ರಾಂ ಗುಂಪಿಗೆ ಸಿನಿಮಾ ಏರಿಸಿ ‘ಬ್ಯಾಕಪ್’ ಎಂದರೆ ಯಾರೂ ಒಪ್ಪುವುದಿಲ್ಲ. ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವದ ಡಿಸ್ಕಿಗೆ ಈ ಬೀಗವೇ ಇರುವುದಿಲ್ಲ, ಧೈರ್ಯವಾಗಿ ಮಾಡಿ.

ಕರಾವಳಿಯ ಮನೆಗಳಲ್ಲಿ ನಾನು ಕಂಡ ದೊಡ್ಡ ರಾಶಿ ಯಕ್ಷಗಾನದ ವಿಸಿಡಿಗಳದ್ದು. ಆಟದ ಬಯಲಿನ ಅಂಗಡಿಯಲ್ಲಿ ಕೊಂಡದ್ದು, ಒಂದು ಪ್ರಸಂಗಕ್ಕೆ ಮೂರು ನಾಲ್ಕು ಡಿಸ್ಕು. ಡಿವಿಡಿಗಿಂತ ಮೊದಲು, 1993ರಲ್ಲಿ ಬಂದ ಈ ಪದ್ಧತಿಯಲ್ಲಿ ಚಿತ್ರ ಬರೀ ಅಡ್ಡ 352, ಉದ್ದ 288 ಚುಕ್ಕಿ, ಸೆಕೆಂಡಿಗೆ 1.15 ಮೆಗಾಬಿಟ್. ಕಿರೀಟದ ಕನ್ನಡಿ ಚೂರು ಮಿನುಗಿ, ವೇಷ ಗಿರಕಿ ಹೊಡೆದರೆ ಸಾಕು, ಚೌಕಗಳ ಜಾತ್ರೆ. ಆಟದ ಅವಧಿ ಹಿಗ್ಗಿಸಲು ವಿಸಿಡಿಯಲ್ಲಿ ಇನ್ನೊಂದು ರಾಜಿಯನ್ನೂ ಮಾಡಿಕೊಂಡಿದ್ದರು: ಕಂಪ್ಯೂಟರ್ ಸಿ.ಡಿ.ಯಲ್ಲಿ ತಪ್ಪು ತಿದ್ದಲು ಇರುವ ಹೆಚ್ಚುವರಿ ಬಿಟ್‌ಗಳನ್ನು ತೆಗೆದು ಆ ಜಾಗಕ್ಕೂ ವಿಡಿಯೋ ತುಂಬಿದರು. ಸಣ್ಣ ಗೀರು ಬಿದ್ದರೂ ವಿಸಿಡಿ ಮುಗ್ಗರಿಸುವುದು ಇದಕ್ಕೇ. ಅದರೊಳಗಿನ ಡಿಎಟಿ ಫೈಲು ಅಸಲಿಗೆ ಎಂಪೆಗ್-1. ಮೇಲಿನ ಹೊದಿಕೆ ತೆಗೆದರೆ ಸಾಕು, ಎನ್‌ಕೋಡ್ ಮಾಡುವ ಪ್ರಮೇಯವೇ ಇಲ್ಲ. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದ ಡಿಸ್ಕನ್ನು ಮೆತ್ತಗಿನ ಬಟ್ಟೆಯಿಂದ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ದೋಸೆ ಹೊಯ್ದ ಹಾಗೆ ಸುತ್ತಿಸಿ ಒರೆಸಿದರೆ ಬೀಳುವ ಗೀರು ಮಾಹಿತಿಯ ಸಾಲಿನ ಉದ್ದಕ್ಕೇ ಬೀಳುತ್ತದೆ, ಅದನ್ನು ತಿದ್ದುವುದು ಡ್ರೈವಿಗೆ ಬಲು ಕಷ್ಟ. ಟೂತ್‌ಪೇಸ್ಟ್ ಉಜ್ಜುವ ಪ್ರಸಿದ್ಧ ಮನೆಮದ್ದನ್ನು ಎಲ್ಲ ದಾರಿ ಮುಚ್ಚಿದ ಮೇಲಷ್ಟೇ ನೆನಪಿಸಿಕೊಳ್ಳಿ.

ಭಾಗ 1ಕ್ಕೆ ಮರಳುತ್ತೇನೆ. ಮಾಮೂಲಿ ಕಾಪಿ 61 ಪರ್ಸೆಂಟಿಗೆ ನಿಂತು ದೋಷ ತೋರಿಸಿತು. ವಿಂಡೋಸಿನ ಸ್ವಭಾವವೇ ಹಾಗೆ, ಒಂದು ಕಲ್ಲು ಎಡವಿದರೆ ಇಡೀ ಪ್ರಯಾಣ ರದ್ದು. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಬೇರೆ ಸ್ವಭಾವದ್ದು. ಸುಲಭವಾಗಿ ಓದುವುದನ್ನೆಲ್ಲ ಮೊದಲು ಎತ್ತಿಕೊಂಡು, ಎಡವಿದ ಜಾಗಗಳನ್ನು ಒಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ನಿಧಾನವಾಗಿ, ಬೇಕಾದರೆ ಹಿಮ್ಮುಖವಾಗಿಯೂ, ಮತ್ತೆ ಮತ್ತೆ ಕೇಳುತ್ತದೆ. ನಕ್ಷೆ ಇರುವುದರಿಂದ ಅರ್ಧಕ್ಕೆ ನಿಲ್ಲಿಸಿ ಮರುದಿನ ಬೇರೆ ಡ್ರೈವಿನಲ್ಲಿ ಮುಂದುವರಿಸಬಹುದು. ಒಂದು ಡ್ರೈವಿಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದುಂಟು. ಎರಡು ರಾತ್ರಿ, ಎರಡು ಡ್ರೈವ್. ಕೊನೆಗೆ ಓದದೆ ಉಳಿದದ್ದು ಎರಡು ಕಡೆ, ತಲಾ 32 ಕೆಬಿ. ಡಿವಿಡಿ ತನ್ನ ತಪ್ಪುಗಳನ್ನು ತಿದ್ದಿಕೊಳ್ಳುವುದು 16 ಸೆಕ್ಟರುಗಳ ಇಂಥ ಕಂತೆಗಳಲ್ಲಿ, ಹೋದರೆ ಕಂತೆಯೇ ಹೋಗುತ್ತದೆ. 4 ಜಿಬಿಯಲ್ಲಿ 32 ಕೆಬಿ ಎಂದರೆ ಒಂದೆರಡು ಚಿತ್ರದಷ್ಟು, ಕಣ್ಣು ಮಿಟುಕಿಸುವಷ್ಟೂ ಇಲ್ಲ. ಆದರೆ ಉಳಿದ ಚಿತ್ರಗಳೆಲ್ಲ ‘ಹಿಂದಿನದರಂತೆ’ ಎಂದು ಬರೆದ ಟಿಪ್ಪಣಿಗಳಲ್ಲವೇ? ಹಿಂದಿನದೇ ಹೋದರೆ ಮುಂದಿನ ಪೂರ್ತಿ ಚಿತ್ರ ಬರುವವರೆಗೂ ತಪ್ಪು ಸಾಗುತ್ತದೆ. ಒಂದು ಕಡೆ, ಛತ್ರದ ಬಾಗಿಲಲ್ಲಿ, ಯಾರೂ ಗಮನಿಸುವುದಿಲ್ಲ. ಇನ್ನೊಂದು ಕಡೆ ಸರಿಯಾಗಿ ಅಕ್ಷತೆಯ ಹೊತ್ತಿಗೆ ಅರ್ಧ ಸೆಕೆಂಡು ಭಾವನ ಪೇಟ ಹಸಿರು ಚೌಕವಾಗುತ್ತದೆ.

ಹಾಗೆಂದು ಮುಚ್ಚಿಡುವಾಗ ಅಕ್ಕನಿಗೆ ನೆನಪಾಯಿತು: ಸ್ಟುಡಿಯೋದವರು ಎರಡು ಸೆಟ್ ಬರೆದುಕೊಟ್ಟಿದ್ದರು, ಒಂದು ಬೀಗರ ಮನೆಗೆ. ಒಂದೇ ಮೂಲದಿಂದ ಬರೆದ ಡಿಸ್ಕುಗಳಾದರೆ ಇದರ ತೂತನ್ನು ಅದರಿಂದ ತುಂಬಿಸಲು ಡಿಡಿರೆಸ್ಕ್ಯೂಗೆ ಬರುತ್ತದೆ. ಭಾಗ 2 ಸಿಕ್ಕರಂತೂ ಬೀಗರ ಔತಣ ಪೂರ್ತಿ ಮರಳಿ ಬಂದಂತೆ. ಫೋನ್ ಮಾಡಿದೆವು. ಟಿವಿ ಸ್ಟ್ಯಾಂಡಿನ ಕೆಳಗೆ ಎರಡೂ ಇವೆಯಂತೆ, ನಾಳೆ ಅರಸೀಕೆರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಾರಂತೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಬೇಡಿ ಎಂದು ಹೇಳಲು ಅಕ್ಕ ಆಗಲೇ ಎರಡು ಸಲ ಫೋನ್ ಮಾಡಿದ್ದಾಳೆ.